ಹೊಟ್ಟೆ ಬಿಗಿದಾಗ ಬರುವ ನೋವು

ಮೊನ್ನೆ ದಂಡಿಗನಹಳ್ಳಿ ಕಡೆಯ ತೋಟವೊಂದರಲ್ಲಿ ನೆನೆದ ತೆಂಗಿನ ಸಿಪ್ಪೆಯ ವಾಸನೆ ಮೂಗಿಗೆ ಬಡಿಯಿತು. ಮಾವ ನೆನಪಾದರು. ರಕ್ತಸಂಬಂಧವೇನಲ್ಲ. ನಮ್ಮ ಕಾಯಿ ಸುಲಿಯುವ ಗುಂಪಿಗೆ ಹಿರಿಯರು, ಎಲ್ಲರಿಗೂ ಮಾವ.

ನಮ್ಮಲ್ಲಿ ಸುಲಿಯಲು ಒಬ್ಬೊಬ್ಬರಿಗೆ ಒಂದೊಂದು ರಾಶಿ ಕಾಯಿ. ಒಬ್ಬನ ರಾಶಿಗೆ ಇನ್ನೊಬ್ಬ ಕೈ ಹಾಕುವಂತಿಲ್ಲ. ಹಾಕಿದರೆ ಅವನ ಕೈಲಾಗಲಿಲ್ಲ ಎಂದು ಊರಿಗೇ ಸಾರಿದಂತೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ನನಗಿದ್ದ ಮರ್ಯಾದೆಯೆಲ್ಲ ಆ ರಾಶಿಯಲ್ಲೇ ಇತ್ತು.

ಮಾವ ಇದ್ದ ಕಾಲದಲ್ಲೇ ಒಮ್ಮೆ ಹಾಸನದಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡೆ. ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದ ಮೇಲೇ ನೆಲಕ್ಕೆ ನೆಟ್ಟ ಹಾರೆಯ ಮುಂದೆ ನಿಂತದ್ದು. ಅದರ ಮೊನೆಗೆ ಕಾಯಿ ಚುಚ್ಚಿ ಒತ್ತಿದರೆ ಸಾಕು, ಹೊಲಿಗೆಯ ಪಕ್ಕದಲ್ಲಿ ಚಳುಕು. ತಿಂಗಳುಗಳು ಕಳೆದರೂ ಹೋಗಲಿಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂದರು. ಮನೆಯಲ್ಲಿ ಗ್ಯಾಸು ಅಂದರು. ಮೈಗಳ್ಳ ಅಂದವರೂ ಇದ್ದರು... ಅದನ್ನು ಮಾತ್ರ ನನಗೆ ತಡೆಯಲಾಗಲಿಲ್ಲ.

ಮಾವನೂ ಮೊದಮೊದಲು ಬಿಡಲಿಲ್ಲ.

“ಏನ್ಲಾ, ಬಾಣಂತಿ ಅಂಗೆ ಸೊಂಟ ಹಿಡ್ಕಂಡ್ ನಿಂತಿದ್ದೀಯ?”

ಹೊಟ್ಟೆಗೆ ಟವೆಲು ಬಿಗಿದು ಸುಲಿದೆ. ರಾಶಿ ಮುಗಿಸಿದೆ. ಮುಗಿಸಿ ಅಲ್ಲೇ ಕುಸಿದೆ. ಆಮೇಲೆ ಅವರು ತಮಾಷೆ ಮಾಡಲಿಲ್ಲ. ಮಾರನೆಯ ದಿನ ತಮ್ಮ ಕೂಲಿ ಬಿಟ್ಟು ನನ್ನನ್ನು ಹಾಸನದ ಬಸ್ಸು ಹತ್ತಿಸಿದರು.

ಡಾಕ್ಟರು ಮಲಗಿಸಿ, ಹೊಟ್ಟೆ ಒತ್ತಿ, ನೋಯುತ್ತಾ ಎಂದು ಕೇಳಿದರು. ಎಂದಿನಂತೆ ಅಷ್ಟೇನಿಲ್ಲ ಸಾ ಅಂದೆ. ಮಲಗಿದಾಗ ನಿಜಕ್ಕೂ ಅಷ್ಟೇನೂ ಇರುತ್ತಿರಲಿಲ್ಲ. ಬಾಗಿಲಲ್ಲಿದ್ದ ಮಾವ ಒಳಗೇ ಬಂದುಬಿಟ್ಟರು.

“ಮಲಗ್ಸಿ ಕೇಳಿದ್ರೆ ಇವನು ಸತ್ರೂ ನೋವು ಅನ್ನಾಕಿಲ್ಲ ಸಾ. ಕಾಯಿ ಒತ್ತೋ ಅಂಗೆ ನಿಲ್ಸಿ ಮುಟ್ಟಿ ನೋಡಿ. ಮೈಗಳ್ಳ ಅಲ್ಲ ಇವನು.”

ಡಾಕ್ಟರು ಕೋಪಿಸಿಕೊಳ್ಳಲಿಲ್ಲ. ನಿಲ್ಲಿಸಿ, ಹೊಟ್ಟೆ ಬಿಗಿ ಹಿಡಿಯಲು ಹೇಳಿ, ಒಂದು ಬೆರಳಿಟ್ಟರು. ನಾನು ಕೂಗಿಕೊಂಡೆ. ಹೊಲಿಗೆಯ ಹತ್ತಿರ ನರ ಸಿಕ್ಕಿಕೊಂಡಿರಬಹುದು ಎಂದು ಇಂಜೆಕ್ಷನ್ ಕೊಟ್ಟರು. ಪೂರಾ ಹೋಗುತ್ತದೆ ಎಂದು ಮಾತ್ರ ಮಾತು ಕೊಡಲಿಲ್ಲ.

ಹೋಗಲೂ ಇಲ್ಲ. ಕಮ್ಮಿಯಾಗಿದೆ, ಅಷ್ಟೆ. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು... ನನ್ನ ಪರವಾಗಿ ಒಳಗೆ ನುಗ್ಗುವವರು ಈಗ ಯಾರೂ ಇಲ್ಲ. ಮೊನ್ನೆ ಆ ತೋಟದ ಯಜಮಾನರು ನನ್ನ ಹೊಟ್ಟೆಗೆ ಬಿಗಿದ ಟವೆಲು ನೋಡಿ, ಆಗುತ್ತೇನಪ್ಪ ನಿನ್ನ ಕೈಲಿ ಎಂದು ಕೇಳಿದರು.

“ನೋಯ್ತದೆ ಸಾ. ಆಯ್ತದೆ,” ಅಂದೆ.

ನಾನೇ ನೋವು ಅಂದದ್ದನ್ನು ಕೇಳಲು ಮಾವ ಇರಬೇಕಿತ್ತು.