ಕಿತ್ತುಹೋದ ಹಕ್ಕಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ವನಗೂರಿನ ಮೇಲಿನ ಕಾಫಿ ಎಸ್ಟೇಟೊಂದರ ಹಳೆಯ ಬಂಗಲೆಯಲ್ಲಿ ನಾನು ಮೂರು ತಿಂಗಳು ಒಬ್ಬನೇ ಇದ್ದೆ. ಹಿಂದೆ ಅಲ್ಲಿದ್ದ ಇಂಗ್ಲಿಷ್ ದೊರೆ ಊಟದ ಕೋಣೆಯ ಗೋಡೆಗೆ ಅಂಟಿಸಿದ್ದ ಚಿತ್ರದ ಕಾಗದವನ್ನು ಸರಿಪಡಿಸುವುದು ನನ್ನ ಕೆಲಸ. ಹಸಿರು ಹಿನ್ನೆಲೆಯಲ್ಲಿ ಬಳ್ಳಿ, ಬಳ್ಳಿಯ ತುಂಬ ಹಕ್ಕಿಗಳು, ಒಂದರಂತೆ ಇನ್ನೊಂದಿಲ್ಲ. ಜೋತುಬಿದ್ದ ಕಾಗದಕ್ಕೆ ಹಬೆ ಹಿಡಿದು ಬಿಡಿಸಿ, ಹುಳ ಹಿಡಿಯದಂತೆ ಮೈದಾ ಅಂಟಿಗೆ ಚೂರು ಮೈಲುತುತ್ತ ಬೆರೆಸಿ, ಮತ್ತೆ ಕೂರಿಸುತ್ತಿದ್ದೆ. ಮಾತಿಗೆ ಯಾರೂ ಇರಲಿಲ್ಲ. ಕೆಲವು ಸಂಜೆ ನನ್ನ ದನಿ ಕೇಳಲಿಕ್ಕೆಂದೇ ಕೆಮ್ಮುತ್ತಿದ್ದೆ.

ಬೆಳಿಗ್ಗೆ ಆಳುಗಳ ಸಾಲುಮನೆಗಳಿದ್ದ ಲೈನಿನಿಂದ ಅರವತ್ತರ ಹೆಂಗಸೊಬ್ಬಳು ಗುಡಿಸಲು ಬರುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ.

ಕಿಟಕಿಯ ಕೆಳಗೆ ಗೇಣಗಲ ಕಾಗದವೇ ಇರಲಿಲ್ಲ. ಅಲ್ಲೇನಿತ್ತೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೂ ಗೊತ್ತಿರಲಿಲ್ಲ. ಬರೀ ಬಳ್ಳಿ ಎಳೆದು ಮುಗಿಸೋಣವೆಂದು ಬ್ರಷ್ ಎತ್ತಿದ ದಿನ ಅವಳು ಹಿಂದೆ ಬಂದು ನಿಂತಳು.

"ಅಲ್ಲೊಂದು ಹಕ್ಕಿ ಇತ್ತು ಕಣಯ್ಯ. ಕಿತ್ತಿದ್ದು ನಾನೇ."

ಆಗ ಅವಳಿಗೆ ಏಳು ವರ್ಷವಂತೆ. ಅವಳ ತಾಯಿ ಇದೇ ಕೋಣೆ ಗುಡಿಸುತ್ತಿದ್ದಳು. ಹಕ್ಕಿಯ ಆಸೆಗೆ ಮಗಳು ಉಗುರಿನಿಂದ ಎಬ್ಬಿಸಿ ಲೈನಿಗೆ ಒಯ್ದಳು. ಮರುದಿನವೇ ತಾಯಿಯನ್ನು ಬಂಗಲೆಯಿಂದ ತೆಗೆದು ತೋಟದ ಕೆಲಸಕ್ಕೆ ಹಾಕಿದರು.

"ಅವ್ವ ಹೊಡೀಲಿಲ್ಲ. ಮಾತು ಬುಟ್ಬುಟ್ಳು. ಆ ಮಳೇಲೇ ಜ್ವರ ಬಂದು ಹೋಗ್ಬುಟ್ಳು."

"ಹಕ್ಕಿ?"

"ಗೆದ್ಲು ತಿಂತು."

ನಾನು ಪೆನ್ಸಿಲ್ ಹಿಡಿದೆ. ಅವಳು ನೆಲದ ಮೇಲೆ ಕೂತು ಹೇಳತೊಡಗಿದಳು. "ಕೊಕ್ಕು ಅತ್ಲಾಗೆ. ಹಿಂದಕ್ಕೆ ನೋಡ್ತಿತ್ತು. ಅಯ್ಯೋ, ಇಷ್ಟು ದಪ್ಪ ಇರ್ನಿಲ್ಲ!" ಐದು ದಿನ ಅಳಿಸಿ ಅಳಿಸಿ ಬರೆದೆ. ಆ ಐದು ದಿನ ಬೆಳಗಾಗುವುದನ್ನೇ ಕಾಯುತ್ತಿದ್ದೆ. ಆರನೆಯ ದಿನ ಎದೆಗೆ ಕೆಂಪು ತುಂಬಿದಾಗ ಬಹಳ ಹೊತ್ತು ನೋಡಿ, "ಇದೇಯ" ಎಂದಳು. ಖುಷಿಪಡುತ್ತಾಳೆಂದುಕೊಂಡಿದ್ದೆ. ಅವಳು ಪೊರಕೆ ಎತ್ತಿಕೊಂಡು ಹೊರಗೆ ಹೋದಳು.

ಮರುದಿನ ಗುಡಿಸಲು ಬೇರೊಬ್ಬಳು ಬಂದಳು. "ಅವ್ಳೇ ಕೇಳ್ಕೊಂಡು ತೋಟಕ್ಕೆ ಹೋದ್ಲು ಮಾರಾಯ್ರೆ, ಬಂಗಲೆ ಬ್ಯಾಡ ಅಂದ್ಲು" ಎಂದರು ರೈಟರು. ಹೋಗಿ ಕರೆಯಬೇಕೆನಿಸಿತು. ಏನೆಂದು ಕರೆಯಲಿ? ಅವಳು ಮರೆತಿರಬಹುದಾಗಿದ್ದುದನ್ನು ಬಣ್ಣ ಹಚ್ಚಿ ಎದುರಿಗೆ ನಿಲ್ಲಿಸಿದವನು ನಾನು.

ಉಳಿದ ತಿಂಗಳು ಕೆಮ್ಮಲೂ ಮನಸ್ಸಾಗಲಿಲ್ಲ. ಯಜಮಾನರು ಬಂದು, ಹಳೆಯದು ಯಾವುದು ಹೊಸದು ಯಾವುದು ಗೊತ್ತೇ ಆಗುವುದಿಲ್ಲ ಎಂದು ಮೆಚ್ಚಿದರು. ಆ ಹಕ್ಕಿಯನ್ನು ನಾನು ತೋರಿಸಲಿಲ್ಲ.

ಹೊರಡುವ ದಿನ ಲೈನಿನ ಹತ್ತಿರ ಜೀಪು ನಿಲ್ಲಿಸಿದೆ. ಎಲ್ಲರೂ ಹಣ್ಣು ಕೊಯ್ಯಲು ಹೋಗಿದ್ದರು. ಅವಳ ಬಾಗಿಲಿಗೆ ಚಿಲಕ ಹಾಕಿತ್ತು. ಸ್ವಲ್ಪ ಹೊತ್ತು ನಿಂತಿದ್ದು ಬಂದುಬಿಟ್ಟೆ.