ಬೆನ್ನಿಗೆ ಎರಡು ಪೆಟ್ಟು

ನಮ್ಮ ಮನೆಯ ಗಾಡಿ ನನ್ನ ಹೆಸರಿನಲ್ಲಿತ್ತು. ನನಗೆ ಸೈಕಲ್ಲು ಹೊಡೆಯಲೂ ಬರುವುದಿಲ್ಲ. ಗಾಡಿ ಎಂದರೆ ಮೋಟರ್ ಸೈಕಲ್ಲು. ಚಿಕ್ಕದು, ಕರಿಯದು. ನನ್ನ ಗಂಡ ತೆಗೆದುಕೊಂಡದ್ದು. ಅವರು ಸತ್ತು ಒಂಬತ್ತು ವರ್ಷವಾಯಿತು, ಆವಾಗ ಕಾಗದ ನನ್ನ ಹೆಸರಿಗೆ ಬಂತು. ಅದನ್ನು ಕೊಟ್ಟು ಬೇರೆ ತರಬೇಕಾದರೆ ನಾನೇ ಸಹಿ ಮಾಡಬೇಕು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಹೆಬ್ಬೆಟ್ಟು ಒತ್ತುವುದಿಲ್ಲ, ಪೂರಾ ಹೆಸರು ಬರೆಯುತ್ತೇನೆ. ಹೊತ್ತು ಹಿಡಿಯುತ್ತದೆ, ಅಷ್ಟೇ.

ದಿನಾ ಬೆಳಿಗ್ಗೆ ಆರಕ್ಕೆ ಮೊದಲೇ ಮಗ ನನ್ನನ್ನು ನಾವಿರುವ ಕೋಪರಖೈರಣೆಯಿಂದ ವಾಶಿಯ ಮಾರ್ಕೆಟ್ಟಿಗೆ ತಂದು ಬಿಡುತ್ತಿದ್ದ. ಅಲ್ಲಿ ನಾನು ಉಳ್ಳಾಗಡ್ಡಿ ಆರಿಸುತ್ತೇನೆ. ಕೊಳೆತದ್ದು ಒಂದು ಕಡೆ, ಮೊಳಕೆ ಬಂದದ್ದು ಒಂದು ಕಡೆ, ಒಳ್ಳೆಯದು ಚೀಲಕ್ಕೆ. ಸಾಲಿನಲ್ಲಿ ಮೊದಲು ಬಂದು ಕೂತವರಿಗೆ ಅವತ್ತಿನ ಕೆಲಸ. ಸಾಲು ತುಂಬಿದ ಮೇಲೆ ಬಂದವರು ಮನೆಗೆ ಹೋಗಬೇಕು, ವಯಸ್ಸು ನೋಡಿ ಯಾರೂ ಜಾಗ ಬಿಡುವುದಿಲ್ಲ. ನಾನೂ ಬಿಟ್ಟಿಲ್ಲ. ನನ್ನನ್ನು ಇಳಿಸಿ ಅವನು ಬಂದ ದಾರಿಗೇ ತಿರುಗಿ ಡೊಂಬಿವಲಿಯ ಕಾರ್ಖಾನೆಗೆ ಹೋಗುತ್ತಿದ್ದ.

ಗಂಡ ಅದೇ ಮಾರ್ಕೆಟ್ಟಿನಲ್ಲಿ ಹಮಾಲರಾಗಿದ್ದರು. ಹಮಾಲರಲ್ಲಿ ಒಂದು ರೀತಿ ಇದೆ. ಒಬ್ಬ ಬಗ್ಗಿ ನಿಲ್ಲುತ್ತಾನೆ, ಇಬ್ಬರು ಚೀಲ ಎತ್ತಿ ಅವನ ಬೆನ್ನ ಮೇಲೆ ಇಡುತ್ತಾರೆ. ಚೀಲ ಸರಿಯಾಗಿ ಕೂತರೆ ಬೆನ್ನಿಗೆ ಎರಡು ಪೆಟ್ಟು. ಬಗ್ಗಿದವನಿಗೆ ಹಿಂದೆ ಕಾಣುವುದಿಲ್ಲ, ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಎರಡು ಪೆಟ್ಟು ಬಿದ್ದರೆ ನಡಿ ಎಂದು ಅರ್ಥ. ಬೀಳದಿದ್ದರೆ ಕದಲಬಾರದು. ಗಾಡಿ ಬಂದಾಗ ಅವರು ನನಗೂ ಅದನ್ನೇ ಕಲಿಸಿದರು. ಒಂದು ಬದಿಗೆ ಕೂತು, ಸೀರೆ ಒತ್ತಿಕೊಂಡು, ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಟ್ಟು ಎರಡು ಪೆಟ್ಟು ಹೊಡೆದರೆ ಗಾಡಿ ಹೊರಡುತ್ತಿತ್ತು. ಅವರಾದ ಮೇಲೆ ಮಗನ ಬೆನ್ನಿಗೆ ಹೊಡೆದೆ. ಬಾಯಿ ಬಿಟ್ಟು 'ಹೋಗು' ಎಂದು ಒಂದು ದಿನವೂ ಹೇಳಿದವಳಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಅವನು ಮಾತು ತೆಗೆದ.

"ಯವ್ವಾ, ಗಾಡಿ ಬದಲ್ ಮಾಡೂಣು. ದೊಡ್ಡದು ತರೂಣು."

"ಯಾಕ, ಇದು ಓಡ್ತದಲ್ಲ?"

"ಓಡ್ತದ. ಸಣ್ಣದು."

"ನೀ ಏನ್ ಆನಿ ಮ್ಯಾಲ ಕುಂತು ಡ್ಯೂಟಿಗೆ ಹೋಗಾಂವೇನು?"

ಸೊಸೆ ನಗಲಿಲ್ಲ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು. ನನ್ನ ತಲೆಯಲ್ಲಿ ಬೇರೆಯೇ ಇತ್ತು. ಹೋದ ವರ್ಷದಿಂದ ಕೂದಲಿಗೆ ಬಣ್ಣ ಹಚ್ಚುತ್ತಿದ್ದಾನೆ, ಈಗ ಗುಡುಗುಡು ಗಾಡಿ ಬೇಕಂತೆ, ನಲವತ್ತೆರಡಕ್ಕೆ ಶೋಕಿ ಹಿಡಿದಿದೆ ಎಂದುಕೊಂಡೆ. ಒಂದು ಶರತ್ತು ಹಾಕಿದೆ.

"ಮೊದಲ ಗಾಡಿ ತಂದು ತೋರಿಸು. ನಾ ಹಿಂದ ಕುಂತ್ರ ಸಹಿ. ಕುಂದ್ರಾಕ ಆಗ್ಲಿಲ್ಲಂದ್ರ ಇಲ್ಲ."

ಮುಂದಿನ ಭಾನುವಾರ ಕಾರ್ಖಾನೆಯ ಗೆಳೆಯನ ಗಾಡಿ ಕೇಳಿ ತಂದ. ಎಮ್ಮೆಯಷ್ಟು ದಪ್ಪ. ಚಾಲೂ ಮಾಡಿದರೆ ಕೆಳಗಿನ ಮನೆಯ ಕಿಟಕಿಯ ಗಾಜು ನಡುಗಿತು. ಹಿಂದಿನ ಸೀಟು ನನ್ನ ಸೊಂಟಕ್ಕಿಂತ ಮೇಲೆ, ಅದೂ ಇಳಿಜಾರು. ಕಾಲಿಡಲು ಮೆಟ್ಟಿಲಿಲ್ಲ, ಕೈಗೆ ಹಿಡಿಕೆಯಿಲ್ಲ. ಸೊಸೆ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟಳು.

ನಾನು ಸ್ಟೂಲಿನ ಮೇಲೆ ನಿಂತೆ. ಮಗ ಹೆಲ್ಮೆಟ್ ಹಾಕಿಕೊಂಡು ಗಾಡಿ ಚಾಲೂ ಇಟ್ಟುಕೊಂಡೇ ಕೂತಿದ್ದ. ಅವನ ಭುಜ ಹಿಡಿದು ಏರಲು ನೋಡಿದೆ, ಮೊಣಕಾಲು ಏಳಲಿಲ್ಲ. ಮತ್ತೆ ನೋಡಿದೆ, ಸೀಟು ಜಾರಿತು. ಇದು ನನ್ನಿಂದ ಆಗುವ ಕೆಲಸವಲ್ಲ, ತಡಿ ಎಂದು ಹೇಳಬೇಕು. ಕೂಗಿದರೆ ಅವನಿಗೆ ಕೇಳುತ್ತಿಲ್ಲ. ಬೆನ್ನಿಗೆ ಒಂದು ಹೊಡೆದೆ. ತಿರುಗಲಿಲ್ಲ. ಇನ್ನೊಂದು ಹೊಡೆದೆ.

ಹೋದ.

ನಾನು ಕೈ ಮೇಲೆತ್ತಿಕೊಂಡು ಸ್ಟೂಲಿನ ಮೇಲೇ ನಿಂತಿದ್ದೆ. ಗಾಡಿ ಮೂಲೆಯಲ್ಲಿ ತಿರುಗಿತು, ಸದ್ದೂ ಹೋಯಿತು. ಮೇಲಿನ ಗ್ಯಾಲರಿಯಿಂದ ಮೊಮ್ಮಗಳು ಕಿರುಚಿದಳು, "ಆಜೀ! ಪಪ್ಪಾ ತೋ ಚಲೇ ಗಯೇ!"

ಸೊಸೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅತ್ತಿ, ನೀವಿಲ್ಲೇ ಅದೀರಿ?"

"ಮತ್ತೆಲ್ಲಿ ಇರ್ಲಿ?"

ನನಗೆ ಸಿಟ್ಟು ಬರಲಿಲ್ಲ. ಒಂಬತ್ತು ವರ್ಷ ಆ ಬೆನ್ನ ಹಿಂದೆ ಕೂತಿದ್ದೇನೆ. ನಾನು ಕಡ್ಡಿಯಂಥ ಹೆಂಗಸಲ್ಲ, ಕೂತರೆ ಚಿಕ್ಕ ಗಾಡಿ ಕುಯ್ಯೆಂದು ಕುಗ್ಗುತ್ತದೆ. ಹಿಂದೆ ತಾಯಿ ಇದ್ದಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲವಲ್ಲ! ಸೊಸೆ ಫೋನ್ ಮಾಡಿದಳು, ಮತ್ತೆ ಮತ್ತೆ ಮಾಡಿದಳು, ಎತ್ತಲಿಲ್ಲ. ನಾನು ಅದೇ ಸ್ಟೂಲನ್ನು ಬದಿಗೆ ಎಳೆದು ಕೂತೆ. ಬಂದರೆ ಇಲ್ಲಿಗೇ ಬರಬೇಕು. ನಾನು ಬಸ್ಸಿಗೆ ಕಾದಂತೆ ಕೂತದ್ದು ನೋಡಿ ಪಾನ್ ಅಂಗಡಿಯವನು ಕೇಳಿದ, "ಕ್ಯಾ ಮೌಸಿ, ಇಧರ್ ಬಸ್ ರುಕ್ನೇ ಲಗೀ ಕ್ಯಾ?"

"ನೀ ನಿನ್ನ ಸುಣ್ಣ ತಿಕ್ಕು," ಎಂದು ಕನ್ನಡದಲ್ಲೇ ಹೇಳಿದೆ. ಅರ್ಥವಾಯಿತೆಂದು ಕಾಣುತ್ತದೆ, ಒಳಗೆ ಹೋದ.

ಒಂದು ತಾಸಿನ ಮೇಲೆ ಮಗ ಬಂದ. ತಲೆಯ ಮೇಲೆ ಹೆಲ್ಮೆಟ್ ಇಲ್ಲ, ಮುಖ ಬೂದಿಯ ಬಣ್ಣ. ಗಾಡಿ ನಿಲ್ಲಿಸಿ ಓಡಿ ಬಂದವನೇ ನನ್ನ ತಲೆ ಮುಟ್ಟಿದ, ಕೈ ಹಿಡಿದು ತಿರುಗಿಸಿ ನೋಡಿದ, ಕಾಲು ನೋಡಿದ.

"ಎಲ್ಲಿ ಬಿದ್ದಿದ್ದಿ ಯವ್ವಾ?"

"ಬಿದ್ದಿಲ್ಲೋ. ಹತ್ತೇ ಇಲ್ಲ."

ಅವನು ನೆಲದ ಮೇಲೆ ಕೂತುಬಿಟ್ಟ. ವಾಶಿ ದಾಟಿ ಸಾನಪಾಡಾ ತನಕ ಹೋಗಿದ್ದನಂತೆ. ಕಬ್ಬಿನ ಹಾಲು ಕುಡೀತೀಯಾ ಎಂದು ಕೇಳಲು ಹಿಂದೆ ತಿರುಗಿದರೆ ಸೀಟು ಖಾಲಿ. ದಾರಿಯಲ್ಲಿ ಎಲ್ಲೋ ಜಾರಿ ಬಿದ್ದೆನೆಂದು ರಸ್ತೆ ನೋಡುತ್ತ, ಸಿಕ್ಕ ರಿಕ್ಷಾದವರನ್ನೆಲ್ಲ ಕೇಳುತ್ತ, ಫೋನಿನ ನೆನಪೂ ಇಲ್ಲದೆ ವಾಪಸು ಬಂದಿದ್ದಾನೆ. ವಾಶಿಯಲ್ಲಿ ಸೇತುವೆಯ ಕೆಳಗೆ ಮಂದಿ ಗುಂಪಾಗಿ ನಿಂತಿದ್ದರು, ಅವರ ಕಾಲ ನಡುವೆ ರಸ್ತೆಯೆಲ್ಲ ಕೆಂಪು. ಗಾಡಿಯನ್ನು ಕೀಲಿ ಸಮೇತ ಅಲ್ಲೇ ಬಿಟ್ಟು ಓಡಿದ್ದಾನೆ. ಟೊಮೆಟೊ ಟೆಂಪೊ ಉರುಳಿತ್ತು.

"ಅಷ್ಟ್ ದೂರ ಹಿಂದ ಯಾರೂ ಇಲ್ಲಂತ ಗೊತ್ತಾಗ್ಲಿಲ್ಲೇನು?"

"ಆ ಗಾಡಿ ಕುಗ್ಗಂಗೇ ಇಲ್ಲ. ಮತ್ತ ನಾ ಮಾತಾಡಕೋಂತ ಹೊಂಟಿದ್ದೆ."

"ನಾ ಉತ್ತರ ಕೊಡ್ಲಿಲ್ಲಲ್ಲ?"

"ಸಿಟ್ಟಾಗಿ ಸುಮ್ಮ ಕುಂತಿ ಅನ್ಕೊಂಡೆ."

"ಸಿಟ್ಟು ಬರೂವಂಥಾದ್ದು ಏನ್ ಹೇಳಿದಿ?"

ಅವನು ಹೆಂಡತಿಯ ಮುಖ ನೋಡಿದ. ಅವಳು, "ಈಗರೆ ಹೇಳ್ರಿ," ಎಂದಳು.

ಡೊಂಬಿವಲಿಯ ದಾರಿಯಲ್ಲಿ ಮಹಾಪೆ ದಾಟಿ ಶಿಳಫಾಟಾದ ರಸ್ತೆಗೆ ಬಿದ್ದರೆ ಬರೀ ದೊಡ್ಡ ಟ್ರೇಲರ್ ಲಾರಿಗಳು, ಅದು ನನಗೂ ಗೊತ್ತು. ಹೋದ ಮಳೆಗಾಲದಲ್ಲಿ ಎರಡು ಟ್ರೇಲರುಗಳ ನಡುವೆ ಸಿಕ್ಕಿದ್ದನಂತೆ. ಪಕ್ಕದ್ದು ಹಾದು ಹೋದ ಗಾಳಿಗೆ ಗಾಡಿ ಅಲುಗಾಡಿ ಬಿದ್ದಿದೆ. ಟ್ರೇಲರಿನ ಹಿಂದಿನ ಗಾಲಿ ಅವನ ತಲೆಯಿಂದ ಒಂದು ಗೇಣು ಆಚೆ ಹೋಗಿದೆ. ನಮಗೆ, ಅಂದರೆ ನನಗೆ, ಕಾರ್ಖಾನೆಯ ಮೆಟ್ಟಿಲಲ್ಲಿ ಜಾರಿದೆ ಎಂದು ಹೇಳಿದ್ದ. ಆ ಮೊಣಕಾಲಿಗೆ ನಾನೇ ಅರಿಶಿನ ಸುಣ್ಣ ಹಚ್ಚಿದ್ದೆ. ನೋಡಿ ನಡೆಯಲು ಬರುವುದಿಲ್ಲವೇ ಎಂದು ಬೈದಿದ್ದೆ. ಸೊಸೆಗೆ ಮೊದಲ ದಿನವೇ ಗೊತ್ತಿತ್ತು.

"ಈ ಗಾಡಿ ಹಗುರ ಅದ ಯವ್ವಾ. ಲಾರಿ ಬಾಜೂಕ ಬಂದ್ರ ಹಾಳಿ ಹಾರಿದಂಗ ಹಾರ್ತದ. ಮಾರಿ ನೋಡಿ ಹೇಳಾಕ ಆಗ್ಲಿಲ್ಲ. ಇವತ್ತ ಮುಂದ ನೋಡ್ಕೋಂತ ಎಲ್ಲಾ ಹೇಳ್ದೆ."

"ಖಾಲಿ ಸೀಟಿಗೆ."

"ಹೂಂ."

ಟ್ರೇನಿಗೆ ಹೋಗು ಎಂದೆ. ಠಾಣೆಯಲ್ಲಿ ಬದಲಿಸಬೇಕು, ಡೊಂಬಿವಲಿಯಲ್ಲಿ ಇಳಿದು ಮತ್ತೆ ರಿಕ್ಷಾ, ನನ್ನನ್ನು ಬಿಟ್ಟು ಹೊರಟರೆ ಶಿಫ್ಟಿನ ಗೇಟು ಮುಚ್ಚಿರುತ್ತದೆ ಎಂದ. ನನ್ನನ್ನು ಬಿಟ್ಟು ಹೊರಟರೆ. ಅದನ್ನು ಅವನು ಯೋಚಿಸಿ ಹೇಳಿದ್ದಲ್ಲ. ನನ್ನನ್ನು ಇಳಿಸಿದ ಮೇಲೆ ಹೊತ್ತಾಯಿತೆಂದು ದಿನಾ ಆ ಟ್ರೇಲರುಗಳ ನಡುವೆ ನುಗ್ಗುತ್ತಿದ್ದವನು ಇವನು. ನಾನು ಸಾಲಿನಲ್ಲಿ ಜಾಗ ಹಿಡಿದು ಆರಾಮಾಗಿ ಉಳ್ಳಾಗಡ್ಡಿ ಆರಿಸುತ್ತಿದ್ದೆ.

ಆಗ ಅವನೇ ಹೇಳಿದ, "ಬ್ಯಾಡ ಬಿಡು ಯವ್ವಾ. ದೊಡ್ಡದು ಬ್ಯಾಡ. ಇವತ್ತ ನನ್ನ ಜೀವಾನೇ ಹೋಗಿತ್ತು."

ಪಾನ್ ಅಂಗಡಿಯ ಮುಂದೆ ನಿಂತಿದ್ದ ಆ ಎಮ್ಮೆಯನ್ನು ನೋಡಿದೆ. ನನ್ನ ಭಾರ ತಿಳಿಯದ ಗಾಡಿಗೆ ಲಾರಿಯ ಗಾಳಿಯೂ ತಿಳಿಯಲಿಕ್ಕಿಲ್ಲ. ಅಷ್ಟು ನನ್ನ ತಲೆಗೂ ಹೊಳೆಯುತ್ತದೆ.

"ಸಹಿ ಎಲ್ಲಿ ಮಾಡಬೇಕು?"

"ನೀ ಹೆಂಗ ಹೋಗ್ತಿ ಮಾರ್ಕೆಟ್ಟಿಗೆ?"

"ಬಸ್ಸಿಗೆ."

"ಹೊತ್ತಾಗ್ತದ. ಜಾಗ ಸಿಗಂಗಿಲ್ಲ."

"ಸಿಕ್ರ ಸಿಕ್ತು. ಇಲ್ಲಾಂದ್ರ ಮನ್ಯಾಗ ಕುಂತು ನಿನ್ನ ಹೆಂಡತಿ ಕೂಡ ಜಗಳಾಡ್ತೀನಿ."

ಸೊಸೆ ಆಗ ನಕ್ಕಳು.

ಮುಂದಿನ ವಾರ ಗಾಡಿ ಅಂಗಡಿಯಲ್ಲಿ, ಮೇಜಿನ ಹಿಂದಿನವನು ಹೆಬ್ಬೆಟ್ಟಿನ ಶಾಯಿಯ ಡಬ್ಬಿ ನನ್ನ ಮುಂದೆ ಸರಿಸಿ, "ಅಂಗೂಠಾ ಚಲೇಗಾ, ಆಜಿ," ಎಂದ. ಡಬ್ಬಿ ವಾಪಸು ಸರಿಸಿದೆ. ಪೂರಾ ಹೆಸರು ಬರೆದೆ. ಬರೆದು ತಲೆ ಎತ್ತುವಷ್ಟರಲ್ಲಿ ಚಿಕ್ಕ ಗಾಡಿಯನ್ನು ಯಾರೋ ಒಳಗೆ ತಳ್ಳಿಕೊಂಡು ಹೋಗಿಯಾಗಿತ್ತು.

ದೊಡ್ಡ ಗಾಡಿ ಮನೆಗೆ ಬಂದ ಮೇಲಿನ ಸೋಮವಾರ ಐದೂಕಾಲಿಗೇ ಚೀಲ ಹಿಡಿದು ಕೆಳಗೆ ಇಳಿದೆ. ಇನ್ನು ಮೇಲೆ ಅವನು ನಿಧಾನ ಎದ್ದರೂ ನಡೆಯುತ್ತದೆ, ಆದರೂ ಹಿಂದೆಯೇ ಇಳಿದು ಬಂದ. ಗಾಡಿ ಹೊರಗೆ ತೆಗೆದ, ಹೆಲ್ಮೆಟ್ ಹಾಕಿದ, ಚಾಲೂ ಮಾಡಿದ. ಹೊರಡಲಿಲ್ಲ. ಮುಂದೆ ನೋಡುತ್ತ ಸುಮ್ಮನೆ ಕೂತ.

ಹತ್ತಿರ ಹೋಗಿ ಕಿವಿಯ ಹತ್ತಿರ ಕೂಗಿದೆ, "ಏನಾತೋ? ಕೆಟ್ಟಿತೇನು ಮೊದಲನೇ ದಿನಾನೇ?"

ಹೆಲ್ಮೆಟ್ಟಿನ ಒಳಗಿಂದ, "ಬಡಿ," ಎಂದ.

"ನಾ ಕುಂತಿಲ್ಲಲ್ಲೋ!"

"ಗೊತ್ತದ. ಬಡಿ."

ಕತ್ತೆಯಷ್ಟು ವಯಸ್ಸಾಗಿದೆ. ಎರಡು ಬಡಿದೆ, ಸ್ವಲ್ಪ ಜೋರಾಗಿಯೇ. ಹೋದ. ಅಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ಶೇರ್ ರಿಕ್ಷಾದಲ್ಲಿ ಕಾಲು ತುಳಿಸಿಕೊಂಡು ಮಾರ್ಕೆಟ್ಟು ಮುಟ್ಟಿದೆ. ಸಾಲಿನಲ್ಲಿ ಒಂದೇ ಒಂದು ಜಾಗ ಉಳಿದಿತ್ತು, ಕೊಳೆತ ರಾಶಿಯ ಮಗ್ಗುಲಿಗೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೂತೆ.