ಸೇತುವೆ ಕೆಳಗಿನ ಚುಕ್ಕಿಹೂ

ನಮ್ಮಕ್ಕನ ಕೆಲಸ ಏನೆಂದು ಯಾರಾದರೂ ಕೇಳಿದರೆ ಭಾವ, "ಗಿಡಕ್ಕೆ ಗುಂಡಿ ಹೊಲಿಯೋದು" ಎಂದು ನಗುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಅಕ್ಕ ಮೊದಲು ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದವಳು. ಅದು ಮುಚ್ಚಿದ ಮೇಲೆ ಒಣಗಿಡಗಳ ಸಂಗ್ರಹಾಲಯ ಸೇರಿದಳು. ಕಾಗದದ ನಡುವೆ ಒತ್ತಿ ಒಣಗಿಸಿದ ಗಿಡಗಳನ್ನು ದಪ್ಪ ಬಿಳಿ ಹಾಳೆಗೆ ದಾರದಲ್ಲಿ ಹೊಲಿದು ಕೂರಿಸುವುದು ಅಲ್ಲಿ ಅವಳ ಪಾಲಿನ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ಓದಿದ್ದು ಏಳನೇ ತರಗತಿ. ಆದರೆ ಹೊಲಿಯುವ ಮುಂಚೆ ಎಲೆ, ಎಸಳು, ಕೇಸರ ಎಲ್ಲವನ್ನೂ ಎಣಿಸುವ ಚಟ.

"ಎಣಿಸದೆ ಸೂಜಿ ಹಾಕೋದು ಅಂದ್ರೆ ಕಣ್ಮುಚ್ಚಿ ಕೈ ಮುಗಿದ ಹಾಗೆ ಕಣೇ. ಎದುರಿಗೆ ಯಾವ ದೇವರಿದಾನೆ ಅಂತಾನೇ ಗೊತ್ತಾಗಲ್ಲ" ಎನ್ನುತ್ತಾಳೆ. ನಾನು ಕಣ್ಮುಚ್ಚಿಯೇ ಕೈ ಮುಗಿಯುವವಳು. ಆದರೂ ಆ ಮಾತು ನನಗೆ ಹಿಡಿಸಿತು.

ಈಚೆಗೆ ಊರಿನ ಕಾಡುಗಿಡಗಳ ಪುಸ್ತಕವೊಂದು ಅಚ್ಚಿಗೆ ಸಿದ್ಧವಾಗುತ್ತಿತ್ತು. ಅದರಲ್ಲಿ ಚುಕ್ಕಿಹೂವಿಗೂ ಒಂದು ಪುಟ. ಗೋಡೆ ಬುಡದಲ್ಲಿ, ಚರಂಡಿ ಪಕ್ಕದಲ್ಲಿ ಹರಡುವ ಮೆತ್ತನೆಯ ಕಳೆ ಅದು. ಪುಟ್ಟ ಬಿಳಿ ಹೂವಿಗೆ ಇರುವುದು ಐದೇ ಎಸಳು. ಒಂದೊಂದೂ ಬುಡದ ತನಕ ಸೀಳಿರುವುದರಿಂದ ಹತ್ತರಂತೆ ಕಾಣುತ್ತದೆ. ನಮ್ಮೂರಲ್ಲಿ ಇದರ ಎರಡೇ ಜಾತಿ ಎಂದು ಸಂಗ್ರಹಾಲಯದ ಸಾಹೇಬರು ಬರೆದಿದ್ದರು: ಎಲ್ಲೆಲ್ಲೂ ಸಿಗುವ ಸಾಮಾನ್ಯದ್ದು ಒಂದು, ಎಸಳೇ ಇಲ್ಲದ ಪೇಲವ ಬಣ್ಣದ ಗಿಡ್ಡ ಇನ್ನೊಂದು.

ಅಕ್ಕ ಮೂರನೆಯದೂ ಇದೆ ಎಂದಳು. ಕಾಲುವೆಯ ಕಾಲುಸೇತುವೆ ಕೆಳಗೆ, ನೆರಳಲ್ಲಿ, ಉದ್ದ ಕಾಂಡದ ಗಿಡಗಳನ್ನು ಕಂಡಿದ್ದಳು. ಸಾಮಾನ್ಯ ಹೂವಿನಲ್ಲಿ ಮೂರೋ ಐದೋ ಕೇಸರ. ಇವುಗಳಲ್ಲಿ ಹತ್ತು. ಒಂದು ಕುಡಿ ತಂದು, ಒತ್ತಿ, ಹೊಲಿದು ಸಾಹೇಬರ ಮುಂದಿಟ್ಟಳು.

"ಕೇಸರ ಹೆಚ್ಚು ಕಮ್ಮಿ ಆಗೋದುಂಟಮ್ಮ" ಎಂದರು ಅವರು. "ಬೀಜ ಸುಳ್ಳು ಹೇಳಲ್ಲ. ಸಾಮಾನ್ಯದ್ದರ ಬೀಜದ ಮೇಲೆ ಮೊಂಡು ಗುಳ್ಳೆ. ಮೊನೆಯಾದ ಗುಳ್ಳೆ ಇರೋ ಬೀಜ ತಂದ್ರೆ ಮೂರು ಅಂತ ಬರೀತೀನಿ. ಪುಟ ಅಚ್ಚಿಗೆ ಹೋಗೋದ್ರೊಳಗೆ ತರ್ಬೇಕು, ಅಷ್ಟೇ."

ಬೀಜ ಮಾಗಲಿ ಎಂದು ಅಕ್ಕ ಕಾದಳು. ಪುಟ ಅಚ್ಚಿಗೆ ಹೋಗುವ ದಿನ ಬಂತು. ಗಡುವು ಸಂಜೆ ನಾಲ್ಕು ಗಂಟೆ. ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಸೇತುವೆ ಕೆಳಗೆ ಇಳಿದಳು. ಅಲ್ಲಿ ಬೆರಳೆತ್ತರದ ಮೋಟು ಬಿಟ್ಟರೆ ಏನೂ ಇರಲಿಲ್ಲ. ಯಾರೋ ನೀಟಾಗಿ ಕತ್ತರಿ ಆಡಿಸಿದ್ದರು.

ಇಪ್ಪತ್ತೆರಡು ವರ್ಷದಲ್ಲಿ ಅಕ್ಕ ತಾನಾಗಿ ಕಂಡುಹಿಡಿದದ್ದು ಅದೊಂದೇ. ಮನೆಗೆ ಬಂದು ಮೆಟ್ಟಿಲ ಮೇಲೆ ಕುಸಿದಳು. ಕೋಳಿಗಳಿಗೆ ನೀರಿಡುತ್ತಿದ್ದ ಅವಳ ಅತ್ತೆಗೆ ನಾನೇ ಎಲ್ಲ ಹೇಳಿದೆ.

"ಸೇತುವೆ ಕೆಳಗಿನ ಉದ್ದ ಸೊಪ್ಪಾ?" ಎಂದರು ಅತ್ತೆ. "ಅದನ್ನ ನಾನೇ ಕತ್ತರಿಸಿದ್ದು. ಹತ್ತು ದಿನ ಆಯ್ತು."

"ಅತ್ತೇ!" ಅಕ್ಕ ಚಿಮ್ಮಿ ಎದ್ದಳು. "ಕೋಳಿಗೆ ತಿನ್ನಿಸಿಬಿಟ್ರಾ?"

"ತಿನ್ನಕ್ಕೆ ಹಿತ್ತಲ ಸೊಪ್ಪಿದೆಯಲ್ಲೇ. ಅದು ಎಳೇದು. ಉದ್ದದ್ದು ಹಾಸಕ್ಕೆ. ಎರಡು ಹಿಡಿಗೆ ಬುಟ್ಟಿ ತುಂಬುತ್ತೆ. ಕಾವಿಗೆ ಕೂತ ಕೆಂಪು ಕೋಳಿ ಕೆಳಗೆ ಹಾಕಿದೀನಿ."

ಅಕ್ಕ ಆಗಲೇ ಗೂಡಿನ ಹತ್ತಿರ ಓಡಿದ್ದಳು.

"ನಿಧಾನ ಕಣೇ, ಬೆರಳು ಉಳಿಸ್ಕೋ! ಅದು ನನ್ನೇ ಬಿಡಲ್ಲ, ಇನ್ನು ಸೊಸೇನ ಬಿಡುತ್ತಾ?"

ಕೆಂಪು ಕೋಳಿ ಅಕ್ಕನ ಕೈಯನ್ನು ಮೂರು ಸಲ ಕುಕ್ಕಿತು. ನಾನು ದೇವರನ್ನೂ ಕೋಳಿಯನ್ನೂ ಒಟ್ಟಿಗೇ ಬೇಡಿಕೊಳ್ಳುತ್ತ ಅದನ್ನು ಗೋಣಿಯಲ್ಲಿ ಸುತ್ತಿ ಹಿಡಿದೆ. ಅಕ್ಕ ಮೊಟ್ಟೆಗಳ ಕೆಳಗಿನ ಒಣಸೊಪ್ಪನ್ನೆಲ್ಲ ಬಾಚಿ, ಚಹಾ ಸೋಸುವ ಜಾಲರಿಯಲ್ಲಿಟ್ಟು ಬಿಳಿ ತಟ್ಟೆಯ ಮೇಲೆ ಅಲ್ಲಾಡಿಸಿದಳು. ಧೂಳು, ಪುಕ್ಕದ ಚೂರು, ಆಮೇಲೆ ಕಂದು ಬಣ್ಣದ ಹನ್ನೊಂದು ಕಾಳು. ಭೂತಗನ್ನಡಿ ಹಿಡಿದು ಒಂದೊಂದನ್ನೇ ಹೊರಳಿಸಿ ನೋಡಿದಳು.

"ಮೊನೆ ಇದೆ ಕಣೇ! ನೋಡು, ಮೊನೆ!"

ನೋಡಿದೆ. ಸಾಸಿವೆಗಿಂತ ಚಿಕ್ಕ ಕಾಳು. ಮೈಮೇಲೆಲ್ಲ ಸಾಲುಸಾಲಾಗಿ ಪುಟ್ಟ ಗೋಪುರಗಳು. ಕಣ್ಣಿಗೇ ಕಾಣದ ಜಾಗದಲ್ಲಿ ಇಷ್ಟು ಕೆತ್ತನೆ ಮಾಡಿಟ್ಟವನಿಗೆ ಕೋಳಿಗೂಡಿನ ಮುಂದೆ ನಿಂತೇ ಕೈ ಮುಗಿದೆ.

ಬಸ್ಸಿಗೆ ಓಡುವಾಗ ಅತ್ತೆಯೂ ಚಪ್ಪಲಿ ಮೆಟ್ಟಿ ಹೊರಟರು. "ಕದ್ದವಳು ನಾನು, ಸಾಕ್ಷಿನೂ ನಾನೇ ಹೇಳ್ತೀನಿ."

ಮೂರೂವರೆಗೆ ಸಾಹೇಬರು ಅಕ್ಕನಿಂದ ಎಲ್ಲ ಕೇಳಿ ಬೀಜ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಬೀಜವೇನೋ ಸರಿ. ಆದ್ರೆ ಗೂಡಲ್ಲಿ ಸಿಕ್ಕಿದ್ದು. ಇದು ಸೇತುವೆ ಕೆಳಗಿಂದೇ ಅಂತ ಹೇಗೆ ನಂಬ್ಲಿ? ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಬೀಜಕ್ಕೆ ಇಲ್ಲಿ ಬೆಲೆ ಇಲ್ಲ."

"ನಾನು ಬೆರೆಸಲ್ಲ ಸ್ವಾಮಿ" ಎಂದರು ಅತ್ತೆ. "ಹಾಸೋದು ಬೇರೆ, ತಿನ್ನೋದು ಬೇರೆ. ಉದ್ದದ್ದು ಆ ಸೇತುವೆ ಕೆಳಗೆ ಬಿಟ್ರೆ ಎಲ್ಲೂ ನೋಡಿಲ್ಲ."

ಸಾಹೇಬರು ನಕ್ಕು ಕಪಾಟಿನಿಂದ ಮೂರು ಹಾಳೆ ತೆಗೆದರು. ಹೆಸರುಚೀಟಿಗಳ ಮೇಲೆ ಕಾಗದ ಮುಚ್ಚಿ ಮೇಜಿನ ಮೇಲೆ ಹರಡಿದರು. ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ ಬಾಕಿ. ಅಕ್ಕ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು.

ಅತ್ತೆ ಬಗ್ಗಲೂ ಇಲ್ಲ. ಬೆರಳಿಟ್ಟು ತೋರಿಸುತ್ತಲೇ ಹೋದರು. "ಇದು ತಿನ್ನೋದು. ಇದು ಯಾತಕ್ಕೂ ಬರಲ್ಲ, ಹಿಡಿಗೇ ಸಿಗಲ್ಲ. ಇದು ಹಾಸೋದು."

ಸಾಹೇಬರು ಕಾಗದ ಸರಿಸಿದರು. ಸಾಮಾನ್ಯದ್ದು. ಪೇಲವ ಗಿಡ್ಡ. ಕೊನೆಯದು ಅಕ್ಕ ತನ್ನ ಕೈಯಾರೆ ಹೊಲಿದದ್ದು.

"ಎಷ್ಟು ವರ್ಷದಿಂದ ಇದು ಗೊತ್ತು ನಿಮಗೆ?"

"ಕೋಳಿ ಸಾಕಿದಾಗಿಂದ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಅವರು ಪುಟದಲ್ಲಿ 'ಎರಡು' ಹೊಡೆದುಹಾಕಿ 'ಮೂರು' ಎಂದು ಬರೆದರು. ಅಕ್ಕ ಬೀಜಗಳನ್ನು ಪುಟ್ಟ ಪೊಟ್ಟಣ ಕಟ್ಟಿ ತನ್ನ ಹಾಳೆಯ ಮೂಲೆಗೆ ಅಂಟಿಸಿದಳು. ಬೀಜ ತಂದವರ ಹೆಸರಿನ ಸಾಲಿನಲ್ಲಿ ಮೊದಲು ಅತ್ತೆಯ ಹೆಸರು, ಆಮೇಲೆ ತನ್ನದು ಬರೆದಳು.

ಹೊರಡುವಾಗ ಸಾಹೇಬರು ಕೈ ಜೋಡಿಸಿದರು. "ಅಮ್ಮಾ, ಆ ಸೇತುವೆ ಕೆಳಗಿಂದು ಮಾತ್ರ ಇನ್ಮೇಲೆ ಕತ್ತರಿಸ್ಬೇಡಿ."

"ಮತ್ತೆ ನನ್ನ ಕೆಂಪಿ ಯಾತರ ಮೇಲೆ ಕೂರ್ಬೇಕು?"

ಗಿಡ ಒತ್ತಿ ಒತ್ತಿ ಸವೆದ ಹಳೇ ಕಾಗದದ ದೊಡ್ಡ ಕಟ್ಟೊಂದನ್ನು ಸಾಹೇಬರೇ ಹೊತ್ತು ತಂದು ಬಸ್ಸಿಗೆ ಹಾಕಿದರು.